ರ‍್ಯಾಮ್ ಎಷ್ಟು ಹಾಕಸೋಣು?

ಒಂದು ತಿಂಗಳಾತು ನೋಡ್ರಿ, ನಮ್ಮ ಮನ್ಯಾಗ ಊಟಕ್ಕ ಕೂತ್ರೂ ಅದ ಮಾತು, ಚಹಾಕ್ಕ ಕೂತ್ರೂ ಅದ ಮಾತು: 16 ಸಾಕೋ, 32 ಬೇಕೋ? ಹೊರಗಿನವ್ರು ಕೇಳಿದ್ರ ಯಾವುದೋ ಮದಿವಿಗೆ ಎಷ್ಟು ಕಿಲೋ ಬೂಂದಿ ಅಂತ ಲೆಕ್ಕಾ ಹಾಕ್ಲಿಕ್ಕತ್ತಾರ ಅನ್ಕೋಬೇಕು. ಲೆಕ್ಕ ಇರೋದು ಮಗನ ಗೇಮಿಂಗ್ ಕಂಪ್ಯೂಟರಿಂದು. ಅದರಾಗ ರ‍್ಯಾಮ್ 16 ಜಿಬಿ ಹಾಕಸಬೇಕೋ, 32 ಜಿಬಿ ಹಾಕಸಬೇಕೋ ಅನ್ನೋದು.

ನಮ್ಮನಿಯವ್ರು "16 ಅಂದ್ರ ಭಾಳಾತು, ನಮ್ಮ ಆಫೀಸಿನ ಕಂಪ್ಯೂಟರ್ ಎಲ್ಲಾ 8ರಾಗ ನಡದಾವ" ಅಂತಾರ. ಮಗಾ "32 ಇಲ್ಲಂದ್ರ ಎರಡು ವರ್ಷದಾಗ ಡಬ್ಬಿ ಆಗ್ತದ ಅವ್ವಾ" ಅಂತಾನ. ರೊಕ್ಕ ಮಾತ್ರ ನಂದು. ಎರಡು ವರ್ಷ ತುಂಬಿದ ಭಿಶಿ ಎತ್ತಿದಾಗ ಬಂದ 80 ಸಾವಿರ. ಅದರ ಮ್ಯಾಲೆ ಒಂದು ರೂಪಾಯಿನೂ ಹಾಕೋ ಹಂಗಿಲ್ಲ, ಯಾಕಂದ್ರ ಜೂನದಾಗ ಮಗಳ ಕಾಲೇಜ್ ಫೀ ಕಟ್ಟೋದದ. ಹಿಂಗಾಗಿ ರ‍್ಯಾಮ್‌ಗೆ ಹೆಚ್ಚು ಹಾಕಿದ್ರ ಗ್ರಾಫಿಕ್ಸ್ ಕಾರ್ಡಿಗೆ ಕಡಿಮಿ ಬೀಳ್ತದ, ಅಲ್ಲೆ ಹೆಚ್ಚು ಹಾಕಿದ್ರ ಇಲ್ಲೆ ಕಡಿಮಿ ಬೀಳ್ತದ. ಒಂದು ಚಾದರ, ಇಬ್ಬರು ಎಳದಾಡಿದಂಗ.

ನಾನು 1994ರಿಂದ ಐದು ವರ್ಷ ಹುಬ್ಬಳ್ಳ್ಯಾಗ ಒಂದು ಕಂಪ್ಯೂಟರ್ ಕ್ಲಾಸಿನ್ಯಾಗ ಕಲಸ್ತಿದ್ದೆ. ಆವಾಗೂ ಇದ ಪ್ರಶ್ನಿ ಇತ್ತು, ಸಂಖ್ಯಾ ಅಷ್ಟ ಬ್ಯಾರೆ: 4 ಸಾಕೋ, 8 ಬೇಕೋ? ಅದೂ ಜಿಬಿ ಅಲ್ಲ, ಎಂಬಿ. ಅದಕ್ಕ ಅಂಗಡಿಗೆ ಹೋಗೋಕಿಂತ ಮೊದಲ ಒಂದು ಸಲ ಹಿಂದಿಂದೆಲ್ಲಾ ತಗದು ನೋಡಿಬಿಡೋಣು ಅಂತ ಕೂತೆ. ಈ "ಸಾಕು" ಅನ್ನೋ ಸಂಖ್ಯಾ ಯಾರು ಠರಾಸ್ತಾರ, ಯಾವಾಗ ಠರಾಸ್ತಾರ ಅನ್ನೋದು ತಿಳದ್ರ ನಮ್ಮ ಲೆಕ್ಕ ಹಗುರ ಆದೀತು ಅಂತ.

ಮೊದಲ ಈ ರ‍್ಯಾಮ್ ಅಂದ್ರ ಏನು ಅನ್ನೋದನ್ನ ಅಡಿಗಿಮನಿ ಲೆಕ್ಕದಾಗ ಹೇಳಿಬಿಡ್ತೀನಿ. ಹಳೇ ಮನಿಗಳೊಳಗ ವರ್ಷದ ಜ್ವಾಳ ಹಗೇವಿನ್ಯಾಗ ಇರ್ತಿತ್ತು. ಕಂಪ್ಯೂಟರಿನ ಹಾರ್ಡ್ ಡಿಸ್ಕು, ಈಗಿನ ಎಸ್‌ಎಸ್‌ಡಿ ಅಂದ್ರ ಆ ಹಗೇವು. ರ‍್ಯಾಮ್ ಅಂದ್ರ ಅಡಿಗಿ ಕಟ್ಟಿ. ರೊಟ್ಟಿ ಮಾಡೋ ಹೊತ್ತಿನ್ಯಾಗ ಹಿಟ್ಟು, ನೀರಿನ ಬೋಗಾಣಿ, ಒರಸೋ ಅರಬಿ ಎಲ್ಲಾ ಕೈಗೆ ಸಿಗೋ ಹಂಗ ಕಟ್ಟಿ ಮ್ಯಾಲೆ ಇರಬೇಕು. ಕಟ್ಟಿ ಸಣ್ಣದಿತ್ತಂದ್ರ ಒಂದನ್ನ ಕೆಳಗ ಇಳಿಸಿ ಇನ್ನೊಂದನ್ನ ಮ್ಯಾಲೆ ತರಬೇಕು, ಅಷ್ಟರಾಗ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿರ್ತದ. ಗೇಮ್ ಆಡೋವಾಗ ನಡುವ ಗಕ್ಕನ ನಿಂತು, ಆಮ್ಯಾಲೆ ಜಿಗದು ಮುಂದ ಹೋಗ್ತದಲ್ಲ, ಭಾಳ ಸಲ ಅದು ಇದ. ಆದ್ರ ಇನ್ನೊಂದೂ ಖರೆ: ಕಟ್ಟಿ ಬೇಕಾದ್ದಕ್ಕಿಂತ ಎರಡು ಪಟ್ಟು ಉದ್ದ ಮಾಡಸಿದ್ರೂ ರೊಟ್ಟಿ ಏನ್ ಲಗೂ ಬೇಯಂಗಿಲ್ಲ. ಕಡಿಮಿ ಬಿದ್ರ ಘಾತ, ಹೆಚ್ಚಾದ್ರ ಸುಮ್ನ ಖಾಲಿ. ಅದಕ್ಕ "ಎಷ್ಟು" ಅನ್ನೋದು ಇಷ್ಟು ಪೀಡಾ ಕೊಡೋ ಪ್ರಶ್ನಿ.

ಗ್ರಾಫಿಕ್ಸ್ ಕಾರ್ಡಿಗೆ ತನ್ನ ಸ್ವಂತ ಕಟ್ಟಿ ಬ್ಯಾರೆ ಇರ್ತದ, ಅದರ ಮೆಮೊರಿ ಲೆಕ್ಕ ಬ್ಯಾರೆ. ನಾ ಇಲ್ಲೆ ಹೇಳೋದು ಮದರ್‌ಬೋರ್ಡಿನ ಮ್ಯಾಲೆ ಹಚ್ಚೋ ಉದ್ದನ ಪಟ್ಟಿ ರ‍್ಯಾಮ್ ಸುದ್ದಿ ಅಷ್ಟ.

ಈ ಕಟ್ಟಿ ಮೊದಲ ಕೈಲೆ ಹೆಣೀತಿದ್ರು ಅಂದ್ರ ನಂಬ್ತೀರೇನು? 1953ರಾಗ ಅಮೆರಿಕದ ಎಂಐಟಿಯೊಳಗ ವರ್ಲ್‌ವಿಂಡ್ ಅನ್ನೋ ಕಂಪ್ಯೂಟರಿಗೆ ಕೋರ್ ಮೆಮೊರಿ ಹಾಕಿದ್ರು. ಸಣ್ಣ ಸಣ್ಣ ಅಯಸ್ಕಾಂತದ ಉಂಗುರ, ಅದರಾಗ ಹಾಯ್ದು ಹೋಗೋ ತಂತಿ. ಒಂದು ಉಂಗುರಕ್ಕ ಒಂದು ಬಿಟ್, ಅಂದ್ರ ಒಂದು ಹೌದು ಇಲ್ಲಾ ಒಂದು ಅಲ್ಲ. ಮಣಿ ಪೋಣಸಿದಂಗ ಹೆಣ್ಣುಮಕ್ಕಳು ಕೂತು ಸೂಜಿಲೆ ಈ ತಂತಿ ಪೋಣಸ್ತಿದ್ರು. 1969ರಾಗ ಅಪೋಲೊ 11 ಚಂದ್ರನ ಮ್ಯಾಲೆ ಇಳದಾಗ ಅದರ ಕಂಪ್ಯೂಟರಿನ್ಯಾಗ ಅಳಿಸಿ ಬರಿಯೋ ಮೆಮೊರಿ ಇದ್ದದ್ದು 2,048 ಪದಗಳಷ್ಟು, ಅಂದ್ರ ಈಗಿನ ಲೆಕ್ಕದಾಗ ಸುಮಾರು 4 ಕೇಬಿ.

ಈಗ ನಾವು ಅಂಗಡ್ಯಾಗ ಕೊಳ್ಳೋ ರ‍್ಯಾಮಿನ ಮೂಲಾ 1966ರಾಗ ಅದ. ಐಬಿಎಂನ ರಾಬರ್ಟ್ ಡೆನಾರ್ಡ್ ಒಂದು ಟ್ರಾನ್ಸಿಸ್ಟರು, ಒಂದು ಕೆಪ್ಯಾಸಿಟರು ಇಷ್ಟರಾಗ ಒಂದು ಬಿಟ್ ಹಿಡಿದಿಡೋ ಯುಕ್ತಿ ಹುಡುಕಿದ್ರು. 1968ರಾಗ ಅದಕ್ಕ ಪೇಟೆಂಟ್ ಸಿಕ್ತು. ಕೆಪ್ಯಾಸಿಟರ್ ಅಂದ್ರ ಸೋರೋ ತಂಬಿಗಿ ಇದ್ದಂಗ, ತುಂಬಿದ್ದು ತುಂಬಿದಂಗ ಇರಂಗಿಲ್ಲ. ಅದಕ್ಕ ಸೆಕೆಂಡಿಗೆ ಹತ್ತಾರು ಸಲ ಹೊಳ್ಳಿ ಹೊಳ್ಳಿ ತುಂಬತಾ ಇರಬೇಕು. ಕರೆಂಟ್ ಹೋತಂದ್ರ ಎಲ್ಲಾ ಹೋತು. ಈ ಜಾತಿ ಮೆಮೊರಿಗೆ ಡಿರ‍್ಯಾಮ್ ಅಂತಾರ. 1970ರಾಗ ಇಂಟೆಲ್ ಕಂಪನಿ 1103 ಅನ್ನೋ ಡಿರ‍್ಯಾಮ್ ಚಿಪ್ ಪ್ಯಾಟಿಗೆ ತಂತು. ಅದರ ಅಳತಿ 1,024 ಬಿಟ್, ಅಂದ್ರ 128 ಬೈಟ್.

ಈ 128 ನೆನಪಿಟ್ಕೋರಿ. 1977ರಾಗ ಬಂದ ಅಟಾರಿ 2600, ಟೀವಿಗೆ ಹಚ್ಚಿ ಆಡೋ ಗೇಮಿನ ಡಬ್ಬಿ, ಅದರಾಗ ಇದ್ದ ರ‍್ಯಾಮೂ ಬರೋಬ್ಬರಿ 128 ಬೈಟ್. ಈಗ ನಾವು ಕನ್ನಡ ಬರಿಯೋ ಪದ್ಧತಿಯೊಳಗ ಒಂದು ಚಿಹ್ನಾಕ್ಕ 3 ಬೈಟ್ ಬೇಕು. ಅಂದ್ರ ಆ ಡಬ್ಬ್ಯಾಗ 42 ಚಿಹ್ನಾ ಹಿಡೀತಿದ್ವು, ಈ ಒಂದು ಸಾಲೂ ಪೂರಾ ಕೂಡ್ತಿದ್ದಿಲ್ಲ. ಅಷ್ಟರಾಗ ಆಟಗಾರ ಎಲ್ಲಿದ್ದಾನ, ಗುಂಡು ಎಲ್ಲಿದ್ದಾವ, ಎಷ್ಟು ಅಂಕ ಆಗ್ಯಾವ, ಎಲ್ಲಾ ಹಿಡಸಿ ಗೇಮ್ ಮಾಡಿದ್ರು. ಮಾಡಿದವ್ರು ಜಾಣರು, ಅದರಾಗ ದುಸರಾ ಮಾತಿಲ್ಲ. ಆದ್ರ 128 ಅನ್ನೋ ಸಂಖ್ಯಾ ಗೇಮಿಗೆ ಇಷ್ಟು ಸಾಕು ಅಂತ ಯಾರೋ ಲೆಕ್ಕಾ ಹಾಕಿ ಇಟ್ಟದ್ದಲ್ಲ. ಮೆಮೊರಿ ತುಟ್ಟಿ ಇತ್ತು, ಡಬ್ಬಿ ಸೋವಿ ಮಾರಬೇಕಿತ್ತು, ಅದಕ್ಕ 128.

1981ರ ಆಗಸ್ಟ್ 12ಕ್ಕ ಐಬಿಎಂ ಪಿಸಿ ಬಂತು. ಎಲ್ಲಾಕ್ಕಿಂತ ಸೋವಿ ಮಾಡೆಲ್ಲಿಗೆ 1,565 ಡಾಲರ್, ಅದರಾಗ ರ‍್ಯಾಮ್ 16 ಕೇಬಿ. ನಾವು ಈಗ 16 ಅಂತ ಜಗಳಾಡ್ಲಿಕ್ಕತ್ತೇವಲ್ಲ, ಅದರ 10 ಲಕ್ಷ ಭಾಗದಾಗ ಒಂದು ಭಾಗ. ಆ ಮಷೀನಿನ 8088 ಚಿಪ್ಪಿಗೆ ಒಟ್ಟು 1 ಎಂಬಿ ತನಕಾ ವಿಳಾಸಾ ಗೊತ್ತಿತ್ತು. ಅದರಾಗ ಮ್ಯಾಲಿನ 384 ಕೇಬಿ ಪರದೆಗೂ ಮಷೀನಿನ ಸ್ವಂತ ಕೆಲಸಕ್ಕೂ ತಗದಿಟ್ಟು, ಕೆಳಗಿನ 640 ಕೇಬಿ ಪ್ರೋಗ್ರ್ಯಾಮಿಗೆ ಬಿಟ್ರು.

"640 ಕೇಬಿ ಯಾರಿಗೆ ಬೇಕಾದ್ರೂ ಸಾಕು" ಅಂತ ಬಿಲ್ ಗೇಟ್ಸ್ ಅಂದಿದ್ರು ಅಂತ ಒಂದು ಮಾತು ಊರೆಲ್ಲಾ ಓಡಾಡತದ. ತಾ ಹಂಗ ಅಂದೇ ಇಲ್ಲ ಅಂತ ಅವ್ರು ಹೇಳ್ಯಾರ. ಅಂದ್ರೂ ಬಿಟ್ರೂ, ಆಗಿನ ಕಾಲಕ್ಕ ಅದು ಹುಚ್ಚು ಸಂಖ್ಯಾ ಆಗಿದ್ದಿಲ್ಲ. ಅದಕ್ಕಿಂತ ಹಿಂದಿನ 8 ಬಿಟ್ ಮಷೀನಿಗೆ ಹೆಚ್ಚಂದ್ರ 64 ಕೇಬಿ ತನಕಾ ಕೈ ಹೋಗ್ತಿತ್ತು. ಇದು ಅದರ 10 ಪಟ್ಟು. 3 ಖೋಲಿ ಮನ್ಯಾಗ ಇದ್ದವ್ರಿಗೆ 30 ಖೋಲಿ ವಾಡೆ ಕೊಟ್ಟಂಗ. ವಾಡೆ ತುಂಬಲಿಕ್ಕೆ ಹತ್ತು ವರ್ಷನೂ ಹಿಡೀಲಿಲ್ಲ, ಆ ಮಾತು ಬ್ಯಾರೆ.

ಆ ತುಂಬಿದ ವಾಡೆನ ನಾನು ಕಣ್ಣಾರೆ ನೋಡೀನಿ. ನಮ್ಮ ಕ್ಲಾಸಿನ್ಯಾಗ ಆರು ಮಷೀನ್ ಇದ್ವು, ಎರಡರಾಗ 4 ಎಂಬಿ, ಉಳದ ನಾಕರಾಗ 2 ಎಂಬಿ. ಆಯಿತವಾರ ಹುಡುಗರು ಪ್ರ್ಯಾಕ್ಟಿಸ್ ಅಂತ ಬರ್ತಿದ್ರು. ಪ್ರ್ಯಾಕ್ಟಿಸ್ ಅಂದ್ರ ಡೇವ್ ಇಲ್ಲಾ ಪ್ರಿನ್ಸ್ ಆಫ್ ಪರ್ಶಿಯಾ. ಇನ್ನೂ ದೊಡ್ಡ ಗೇಮ್ ತಂದು ಹಾಕಿದಾಗ ಮಷೀನು "ಮೆಮೊರಿ ಸಾಲೂದಿಲ್ಲ" ಅಂತಿತ್ತು. "ಮ್ಯಾಡಮ್, 4 ಎಂಬಿ ಅದರೀ, ಇದು 600 ಕೇಬಿ ಕೇಳತದ, ಅದೂ ಇಲ್ಲಂತ!" ಅಂತ ಹುಡುಗರು ತಲಿ ಕೆರಕೋತ ಬರ್ತಿದ್ರು. ಕಾರಣ ಆ 640ರ ಗ್ವಾಡಿ. 4 ಎಂಬಿ ಹಾಕಿದ್ರೂ ಡಾಸ್‌ನ್ಯಾಗ ಸಾದಾ ಪ್ರೋಗ್ರ್ಯಾಮಿಗೆ ಸಿಗೋದು ಕೆಳಗಿನ 640 ಅಷ್ಟ. ಅದರಾಗ ಡಾಸ್ ಸ್ವತಃ ಕೂತಿರ್ತಿತ್ತು, ಮೌಸಿನ ಡ್ರೈವರ್ ಕೂತಿರ್ತಿತ್ತು, ಸೌಂಡಿಂದು ಕೂತಿರ್ತಿತ್ತು. ಮೆಮ್ ಅಂತ ಕಮಾಂಡ್ ಕೊಟ್ಟು ಯಾರ್ಯಾರು ಎಷ್ಟೆಷ್ಟು ಜಗಾ ಹಿಡದಾರ ನೋಡೋದು, ಹೈಮೆಮ್, ಇಎಂಎಂ386 ಅಂತ ಸಾಲು ಬರದು ಅವರನ್ನ ಮಾಳಿಗಿ ಮ್ಯಾಲೆ ಹತ್ತಿಸೋದು, ಹೊಳ್ಳಿ ಚಾಲೂ ಮಾಡೋದು. ಹಿಂಗ ಮಾಡಿ ಮಾಡಿ ಹತ್ತು ಕೇಬಿ ಉಳಿಸಿದ್ರ ಗೇಮ್ ನಡೀತಿತ್ತು. ಆ ಹುಡುಗರು ಕಂಪ್ಯೂಟರಿನ ಒಳಗಿಂದು ಕಲತದ್ದು ನಮ್ಮ ಸಿಲೆಬಸ್ಸಿನಿಂದಲ್ಲ, ಈ ಹತ್ತು ಕೇಬಿ ಸಲುವಾಗಿ.

ಅಷ್ಟರಾಗ ಡೂಮ್ ಬಂದಿತ್ತು. 1993ರ ಡಿಸೆಂಬರ್ 10ಕ್ಕ ಅಮೆರಿಕದಾಗ ಬಿಟ್ಟ ಗೇಮು, ನಮ್ಮ ಕ್ಲಾಸಿಗೆ ಯಾರೋ ಎರಡು ಫ್ಲಾಪ್ಯಾಗ ತಂದ್ರು. ಡಾಸಿನ ಗ್ವಾಡಿ ಹಾರೋ ಉಪಾಯ ಅದರಾಗ ಮೊದಲ ಇತ್ತು, 640ರ ಕಟಿಪಿಟಿ ಇಲ್ಲ. ಆದ್ರ 4 ಎಂಬಿ ಇಲ್ಲಂದ್ರ ಚಾಲೂನ ಆಗ್ತಿದ್ದಿಲ್ಲ. ಆರರಾಗ ಎರಡ ಮಷೀನ್, ಅವುಗಳ ಮುಂದ ರೇಶನ್ ಅಂಗಡಿಯಂಥಾ ಪಾಳಿ. ಕ್ಲಾಸಿನ ಮಾಲಕರಿಗೆ "ಉಳದ ನಾಕಕ್ಕೂ 4 ಮಾಡ್ಸ್ರಿ ಸರ್" ಅಂತ ಹುಡುಗರು ದುಂಬಾಲ ಬಿದ್ರು. ಮಾಲಕರು ಬೆಲಿ ಕೇಳಿ ಬಂದು ಸುಮ್ನಾದ್ರು.

ಬೆಲಿ ಏರಿದ್ದಕ್ಕ ಕಾರಣ ಜಪಾನಿನ್ಯಾಗ ಇತ್ತು. 1993ರ ಜುಲೈದಾಗ ನಿಹಾಮಾ ಅನ್ನೋ ಊರಾಗ ಸುಮಿಟೊಮೊ ಕೆಮಿಕಲ್ ಕಂಪನಿ ಕಾರ್ಖಾನಿಯೊಳಗ ಸ್ಫೋಟ ಆತು. ಅಲ್ಲೆ ಚಿಪ್ ಮಾಡ್ತಿದ್ದಿಲ್ಲ. ಚಿಪ್ಪಿನ ಮ್ಯಾಲೆ ಕರೀ ಕವಚ ಇರ್ತದಲ್ಲ, ಅದಕ್ಕ ಬೇಕಾದ ರಾಳ ಮಾಡ್ತಿದ್ರು. ಆದ್ರ ಜಗತ್ತಿಗೆ ಬೇಕಾದ ಆ ರಾಳದಾಗ ಅರ್ಧಕ್ಕಿಂತ ಹೆಚ್ಚು ಅದೊಂದ ಜಗಾದಿಂದ ಬರ್ತಿತ್ತು. ಕೆಲವ ವಾರದಾಗ ಎಲ್ಲಾ ದೇಶದಾಗೂ ರ‍್ಯಾಮಿನ ಬೆಲಿ ಜಿಗೀತು. ಎಲ್ಲಿ ನಿಹಾಮಾ, ಎಲ್ಲಿ ಹುಬ್ಬಳ್ಳಿ!

ಇಲ್ಲಿಂದ ನನಗ ಈ ಕತಿ ಒಳಗಿನ ಮೊದಲನೇ ಗಂಟು ಸಿಕ್ತು. "ಎಷ್ಟು ಸಾಕು" ಅನ್ನೋದನ್ನ ಅರ್ಧ ಠರಾಸೋದು ಆ ವರ್ಷದ ಬೆಲಿ. ಮತ್ತ ಈ ಬೆಲಿ ಉಳ್ಳಾಗಡ್ಡಿ ಬೆಲಿ ಇದ್ದಂಗ. ಒಂದು ವರ್ಷ ಕಣ್ಣಾಗ ನೀರು ತರಸತದ, ಎರಡನೇ ವರ್ಷ ರೈತ ರಸ್ತಾದಾಗ ಚೆಲ್ಲತಾನ. ಕಾರಣ ಒಂದ: ಹೊಸ ಚಿಪ್ ಕಾರ್ಖಾನಿ ಕಟ್ಟಲಿಕ್ಕೆ ವರ್ಷಗಟ್ಟಲೆ ಹಿಡೀತದ. ಬೆಲಿ ಏರಿದಾಗ ಎಲ್ಲಾರೂ ಕಟ್ಟಲಿಕ್ಕೆ ಹತ್ತತಾರ, ಎಲ್ಲಾರದೂ ಒಮ್ಮೆಲೆ ತಯಾರಾಗಿ ಮಾಲು ತುಂಬಿ ತುಳುಕಾಡತದ.

1985ರಾಗ ಬೆಲಿ ಎಷ್ಟು ಬಿತ್ತಂದ್ರ, 1103 ಮಾಡಿದ್ದ ಇಂಟೆಲ್ ಕಂಪನೀನ ಡಿರ‍್ಯಾಮ್ ಧಂದೆ ಬಿಟ್ಟು ಹೊರಗ ಬಂತು. ಮುಂದಿನ ವರ್ಷ ಅಮೆರಿಕ ಮತ್ತ ಜಪಾನ್ ಚಿಪ್ಪಿನ ವ್ಯಾಪಾರದ ಒಪ್ಪಂದ ಮಾಡಕೊಂಡ್ವು. 1988ಕ್ಕ ಹೊಳ್ಳಿ ಅಭಾವ, ಹೊಳ್ಳಿ ತುಟ್ಟಿ. 1993ರಾಗ ಈ ಸ್ಫೋಟ. ಆಮ್ಯಾಲೆ 1996ರಾಗ ಏನಾತು ನೋಡ್ರಿ: ಅಮೆರಿಕದಾಗ 1 ಎಂಬಿಗೆ 30 ಡಾಲರಿನ ಆಸುಪಾಸು ಇದ್ದದ್ದು, ಆ ವರ್ಷ ಮುಗಿಯೋದ್ರಾಗ 10 ಡಾಲರಿನ ಕೆಳಗ ಇಳೀತು. ಅದ ವರ್ಷ ಕ್ವೇಕ್ ಅನ್ನೋ ಗೇಮು 8 ಎಂಬಿ ಕೇಳಿಕೋತ ಬಂತು, ವಿಂಡೋಸ್ 95ರ ಮ್ಯಾಲೆ ಆಡಿದ್ರ 16. ನಮ್ಮ ಮಾಲಕರು ಮಾತಿಲ್ಲದ ಎಲ್ಲಾ ಮಷೀನಿಗೂ ರ‍್ಯಾಮ್ ಏರಿಸಿದ್ರು. 1995ರಾಗ ಅವ್ರು ಸಾಲಾ ಮಾಡಿ ಹಾಕಸಿದ್ರ ಮೂರು ಪಟ್ಟು ಕೊಟ್ಟಂಗ ಆಗ್ತಿತ್ತು.

1999ರ ಸೆಪ್ಟೆಂಬರ್ 21ಕ್ಕ ತೈವಾನಿನ್ಯಾಗ ಭೂಕಂಪ ಆದಾಗ ಮತ್ತ ಬೆಲಿ ಜಿಗೀತು. ಅದು ದೇವರ ಆಟ ಅನ್ನೋಣು. ಆದ್ರ ಅದ ಹೊತ್ತಿನ್ಯಾಗ ಮನಷ್ಯಾರ ಆಟಾನೂ ನಡದಿತ್ತು. 1999ರಿಂದ 2002ರ ತನಕಾ ಮೆಮೊರಿ ಕಂಪನಿಗಳು ಒಳಗೊಳಗ ಮಾತಾಡಕೊಂಡು ಬೆಲಿ ಹಿಡದಿದ್ರು ಅಂತ ಅಮೆರಿಕದ ಸರ್ಕಾರ ಕೇಸ್ ಹಾಕಿ ಗೆದ್ದಿತು. ಇನ್‌ಫಿನಿಯನ್ ಕಂಪನಿಗೆ 16 ಕೋಟಿ ಡಾಲರ್, ಹೈನಿಕ್ಸ್‌ಗೆ 18.5 ಕೋಟಿ, ಸ್ಯಾಮ್ಸಂಗ್‌ಗೆ 30 ಕೋಟಿ ಡಾಲರ್ ದಂಡ ಬಿತ್ತು. ಮೂವರೂ ತಪ್ಪು ಒಪ್ಪಿಕೊಂಡು ಕಟ್ಟಿದ್ರು.

ಎರಡನೇ ಗಂಟು ಸಿಕ್ಕದ್ದು ಟೀವಿಗೆ ಹಚ್ಚಿ ಆಡೋ ಡಬ್ಬಿಗಳೊಳಗ, ಅಂದ್ರ ಕನ್ಸೋಲಿನ್ಯಾಗ. ನನ್ನ ಮಗಾ ಆಡೋ ದೊಡ್ಡ ಗೇಮ್ ಭಾಳಷ್ಟು ಕಂಪ್ಯೂಟರಿಗೂ ಬರ್ತಾವ, ಪ್ಲೇಸ್ಟೇಷನ್ ಎಕ್ಸ್‌ಬಾಕ್ಸಿಗೂ ಬರ್ತಾವ. ಗೇಮ್ ಮಾಡೋರು ಮೊದಲ ಆ ಡಬ್ಬಿ ಅಳತಿ ನೋಡತಾರ, ಯಾಕಂದ್ರ ಅದರಾಗ ರ‍್ಯಾಮ್ ಏರಿಸ್ಲಿಕ್ಕೆ ಬರಂಗಿಲ್ಲ. ಕಂಪನಿ ಎಷ್ಟು ಹಾಕಿ ಕೊಡ್ತದೋ ಅಷ್ಟರಾಗ ಏಳೆಂಟು ವರ್ಷ ಸಂಸಾರ.

2005ರ ಎಕ್ಸ್‌ಬಾಕ್ಸ್ 360ಗೆ ಮೊದಲ 256 ಎಂಬಿ ಹಾಕೋ ವಿಚಾರ ಇತ್ತು. ಎಪಿಕ್ ಗೇಮ್ಸ್ ಅನ್ನೋ ಗೇಮಿನ ಕಂಪನಿಯವ್ರು ತಾವು ಮಾಡ್ಲಿಕ್ಕತ್ತಿದ್ದ ಗೇರ್ಸ್ ಆಫ್ ವಾರ್ 256ರಾಗ ಹೆಂಗ ಕಾಣ್ತದ, 512ರಾಗ ಹೆಂಗ ಕಾಣ್ತದ ಅಂತ ಚಿತ್ರ ತೋರಿಸಿ ಮೈಕ್ರೋಸಾಫ್ಟಿನ ಮನಸ್ಸು ತಿರುಗಿಸಿದ್ರು. 512 ಆತು. ಮುಂದಿನ ವರ್ಷದ ಪ್ಲೇಸ್ಟೇಷನ್ 3ರಾಗೂ 256, 256 ಕೂಡಿ 512. ಆಮ್ಯಾಲೆ 2013ರ ತನಕಾ ಡಬ್ಬಿಗಳೊಳಗ ಅದ 512. ಆ ಏಳೆಂಟು ವರ್ಷ ಕಂಪ್ಯೂಟರಿನವ್ರಿಗೆ ಸುಖದ ಕಾಲ. 4 ಜಿಬಿ ಹಾಕಿದ್ರ ಯಾವ ಗೇಮ್ ಬಂದ್ರೂ ನಡೀತಿತ್ತು.

ಆ ಕಾಲದಾಗ ತೊಂದರಿ ಕೊಟ್ಟದ್ದು ಬ್ಯಾರೆ ಗ್ವಾಡಿ. 32 ಬಿಟ್ಟಿನ ವಿಂಡೋಸಿಗೆ ಒಟ್ಟು 4 ಜಿಬಿ ತನಕಾ ವಿಳಾಸಾ, ಅದರಾಗ ಗ್ರಾಫಿಕ್ಸ್ ಕಾರ್ಡು ಮತ್ತಿತರದ್ದಕ್ಕ ಮ್ಯಾಲಿನ ಜಗಾ ಹೋಗಿ ಉಳಿಯೋದು 3, 3.5 ಜಿಬಿ. ಹಳೇ 640ರ ಕತೀನ ದೊಡ್ಡ ಅಕ್ಷರದಾಗ ಬರದಂಗ. ನಮ್ಮ ಓಣಿ ಹುಡುಗ ಒಬ್ಬಾಂವಗ ಅಂಗಡಿಯವ್ರು 4 ಜಿಬಿ ರೊಕ್ಕ ತೊಗೊಂಡು 32 ಬಿಟ್ಟಿನ ವಿಂಡೋಸ್ ಹಾಕಿ ಕಳಿಸಿದ್ರು. ಪರದೆ ಮ್ಯಾಲೆ 3.25 ಅಂತ ಕಂಡಾಗ ರ‍್ಯಾಮ್ ಕದ್ದಾರ ಅಂತ ಅವಾ ಜಗಳಕ್ಕ ಹೊಂಟಿದ್ದ. ಬರೇ ಎಷ್ಟು ಹಾಕಸೇವಿ ಅನ್ನೋದಲ್ಲ, ಹಾಕಸಿದ್ದು ಬಳಕಿಗೆ ಬರ್ತದೋ ಇಲ್ಲೋ ಅನ್ನೋದನ್ನೂ ನೋಡಬೇಕು.

2013ರ ಕಡೀಕ ಪ್ಲೇಸ್ಟೇಷನ್ 4 ಮತ್ತ ಎಕ್ಸ್‌ಬಾಕ್ಸ್ ಒನ್ ಬಂದ್ವು, ಎರಡರಾಗೂ 8 ಜಿಬಿ. 512 ಎಂಬಿಯಿಂದ ಒಮ್ಮೆಲೆ 16 ಪಟ್ಟು! ಅದ ತಿಂಗಳು ಕಾಲ್ ಆಫ್ ಡ್ಯೂಟಿ ಗೋಸ್ಟ್ಸ್ ಅನ್ನೋ ಗೇಮು ಕಂಪ್ಯೂಟರಿನ್ಯಾಗ 6 ಜಿಬಿ ಇಲ್ಲಂದ್ರ ಬಾಗಲಾನ ತೆಗಿಯಂಗಿಲ್ಲ ಅಂತು. ಆಡಿ ನೋಡಿದವ್ರು ಇದು ಅಷ್ಟು ತಿನ್ನೋದ ಇಲ್ಲಲಾ ಅಂತ ಗದ್ದಲಾ ಹಾಕಿದ್ರು. ಕೆಲವು ದಿನದಾಗ ಕಂಪನಿ ಅದನ್ನ 4ಕ್ಕ ಇಳಿಸ್ತು. ಡಬ್ಬಿ ಮ್ಯಾಲೆ ಬರದ ಸಂಖ್ಯಾದಾಗ ಗರಜು ಎಷ್ಟು, ಹೆದರಿಕಿ ಎಷ್ಟು ಅಂತ ಬಿಡಿಸಿ ನೋಡಬೇಕು ಅನ್ನೋದಕ್ಕ ಇದಕ್ಕಿಂತ ಛೊಲೊ ಉದಾಹರಣಿ ನನಗ ಸಿಕ್ಕಿಲ್ಲ. ಆದ್ರ ದಿಕ್ಕು ಖರೇನ ಅದ ಇತ್ತು. 2015ರ ಜಿಟಿಎ 5 ಕಡಿಮಿ ಅಂದ್ರ 4 ಇರ್ಲಿ, 8 ಇದ್ರ ಛೊಲೊ ಅಂತು. 2020ರ ಸೈಬರ್‌ಪಂಕ್ 2077 ಬಂದಾಗ 8 ಮತ್ತ 12 ಅಂತಿತ್ತು, 2023ರಾಗ ಅದ ಗೇಮ್ 12 ಮತ್ತ 16 ಅಂತ ಬದಲಿ ಮಾಡಿತು.

2020ರಾಗ ಬಂದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಾಗೂ 16 ಜಿಬಿ. ಇಲ್ಲೆ ಒಂದು ಮಾತು ತಿಳಕೋಬೇಕು. ಆ 16 ಚಿತ್ರಕ್ಕೂ ಅದ, ಲೆಕ್ಕಕ್ಕೂ ಅದ, ಅತ್ತಿ ಸೊಸಿ ಒಂದ ಕಟ್ಟಿ ಮ್ಯಾಲೆ ಅಡಿಗಿ ಮಾಡಿದಂಗ. ಕಂಪ್ಯೂಟರಿನ್ಯಾಗ ಗ್ರಾಫಿಕ್ಸ್ ಕಾರ್ಡಿನ 8 ಇಲ್ಲಾ 12 ಬ್ಯಾರೆ, ರ‍್ಯಾಮಿನ 16 ಬ್ಯಾರೆ. ಹಂಗ ನೋಡಿದ್ರ 16 ಜಿಬಿ ರ‍್ಯಾಮ್ ಇರೋ ಕಂಪ್ಯೂಟರ್ ಆ ಡಬ್ಬಿಗಿಂತ ಶ್ರೀಮಂತ. ಆದ್ರ ಕಂಪ್ಯೂಟರಿನ್ಯಾಗ ಗೇಮ್ ಒಂದ ಇರಂಗಿಲ್ಲ. ವಿಂಡೋಸ್ ಇರ್ತದ, ಬ್ರೌಸರಿನ ಇಪ್ಪತ್ತು ಟ್ಯಾಬ್ ಇರ್ತಾವ, ಗೆಳೆಯಾರ ಜೋಡಿ ಮಾತಾಡೋ ಡಿಸ್ಕಾರ್ಡ್ ಇರ್ತದ. ಅವೆಲ್ಲಾ ಕಟ್ಟಿ ಮ್ಯಾಲೆ ಕೈ ಊರಿಕೊಂಡ ನಿಲ್ಲತಾವ.

ಮಗಾ ಹೇಳೋ 32 ಹವಾದಾಗಿನ ಮಾತಲ್ಲ. 2023ರಾಗ ಕಂಪ್ಯೂಟರಿಗೆ ಬಂದ ರಿಟರ್ನಲ್ 16 ಬೇಕ ಬೇಕು, 32 ಇದ್ರ ಛೊಲೊ ಅಂತು. 2024ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 16, 32, 64 ಅಂತ ಮೂರು ಮೆಟ್ಟಲಾ ಬರದದ. ಆದ್ರ "ನೀ ದಿನಾ ಆಡೋದು ಯಾವುದಪಾ?" ಅಂತ ಕೇಳಿದ್ರ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5. ವ್ಯಾಲೊರಂಟ್ ಕೇಳೋದು 4 ಜಿಬಿ, ಕೌಂಟರ್ ಸ್ಟ್ರೈಕ್ 8. ಅವನ ಗೆಳೆಯಾನ ಮನ್ಯಾಗ 32 ಜಿಬಿ ಮಷೀನ್ ಅದ. "ಅಲ್ಲೆ ಗೇಮು, ಬ್ರೌಸರು ಎಲ್ಲಾ ತಗದು ಟಾಸ್ಕ್ ಮ್ಯಾನೇಜರ್ ನೋಡಿ ಬಾ" ಅಂತ ಕಳಿಸಿದೆ. 12ರ ಆಸುಪಾಸು ತೋರಿಸ್ತು ಅಂದ. ಅದೂ ಪೂರಾ ಗರಜು ಅಲ್ಲ. ಖಾಲಿ ಜಗಾ ಕಂಡ್ರ ವಿಂಡೋಸು ಮುಂದ ಬೇಕಾದೀತು ಅಂತ ಸಾಮಾನು ತಂದು ಇಡ್ತದ, ಇಲ್ಲದಿದ್ರ ಇಲ್ಲದಂಗ ನಡಸತದ.

ಇನ್ನ ಈ ವರ್ಷದ ಬೆಲಿ. ಅದೊಂದು ಇಲ್ಲದಿದ್ರ ನಾನೂ 32 ಅಂತಿದ್ದೆ. 2025ರ ಮಧ್ಯದ ತನಕಾ 16ಕ್ಕೂ 32ಕ್ಕೂ ಫರಕು ಸಣ್ಣದಿತ್ತು. ವರ್ಷದ ಕಡೀಕ ಎರಡು ಮೂರು ಪಟ್ಟು ಏರಿತು. ಈ ಸಲ ಸ್ಫೋಟಾನೂ ಇಲ್ಲ, ಭೂಕಂಪಾನೂ ಇಲ್ಲ. ಜಗತ್ತಿನ ಡಿರ‍್ಯಾಮಿನ್ಯಾಗ ಬಹುಪಾಲು ಮಾಡೋವ್ರು ಮೂರ ಮಂದಿ: ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ನಡಸೋ ದೊಡ್ಡ ದೊಡ್ಡ ಡೇಟಾ ಸೆಂಟರಿಗೆ ಬ್ಯಾರೆ ನಮೂನಿ ಮೆಮೊರಿ ಬೇಕು, ಅದರಾಗ ಲಾಭಾ ಹೆಚ್ಚು, ಕಾರ್ಖಾನಿ ಅತ್ತಾಗ ತಿರುಗಿದ್ವು. 2025ರ ಡಿಸೆಂಬರದಾಗ ಮೈಕ್ರಾನ್ ಕಂಪನಿ ನಮ್ಮಂಥಾವ್ರಿಗೆ ಬಿಡಿಯಾಗಿ ಮಾರ್ತಿದ್ದ ಕ್ರೂಶಿಯಲ್ ಅನ್ನೋ ಧಂದೇನ ಬಂದ್ ಮಾಡ್ತೀವಿ ಅಂತ ಹೇಳಿಬಿಡ್ತು. ಮದಿವಿ ಮನಿಯವ್ರು ಪ್ಯಾಟ್ಯಾಗಿನ ಹಾಲೆಲ್ಲಾ ಎತ್ತಿಕೊಂಡು ಹೋದ್ರ ಚಹಾಕ್ಕ ಹಾಲು ಎಲ್ಲಿಂದ ಬರಬೇಕು?

ಇದನ್ನೆಲ್ಲಾ ಒಂದು ಹಾಳ್ಯಾಗ ಬರದು ಅಪ್ಪಾ ಮಗನ ನಡುವ ಇಟ್ಟೆ. 16 ಕೇಬಿ, 640 ಕೇಬಿ, 4 ಎಂಬಿ, 512 ಎಂಬಿ, 4 ಜಿಬಿ, 8 ಜಿಬಿ. ಎಲ್ಲಾ ಸಂಖ್ಯಾನೂ ಅದರದರ ವರ್ಷದಾಗ "ಸಾಕು" ಆಗಿದ್ವು, ಯಾವುದೂ ಹತ್ತು ವರ್ಷ ತಡೀಲಿಲ್ಲ. ಅದಕ್ಕ ಮಗಾ ಹೇಳೋ "ಮುಂದಿಂದು ಈಗ ಹಾಕಸೋಣು" ಅನ್ನೋದೂ ಪೂರಾ ಖರೆ ಅಲ್ಲ, ಅವರಪ್ಪ ಹೇಳೋ "16 ಅಂದ್ರ ಮುಗೀತು" ಅನ್ನೋದೂ ಖರೆ ಅಲ್ಲ. ತುಟ್ಟಿ ಕಾಲದಾಗ ಇವತ್ತಿನ ಗರಜಿನಷ್ಟು ಹಾಕಿ, ಏರಿಸ್ಲಿಕ್ಕೆ ಜಗಾ ಬಿಟ್ಟಾವ್ರು ಗೆದ್ದಾರ. ಸೋವಿ ಕಾಲದಾಗ ಕೈಬಿಚ್ಚಿ ಹಾಕಿದವ್ರೂ ಗೆದ್ದಾರ.

ಜಗಾ ಬಿಡೋದ್ರಾಗ ಒಂದು ಸಿಕ್ಕು ಅದ. ರ‍್ಯಾಮ್ ಎರಡು ಪಟ್ಟಿ ಜೋಡಿ ಹಚ್ಚಿದ್ರ ಓಟ ಛೊಲೊ, ಒಂದ ಹಚ್ಚಿದ್ರ ಗೇಮಿನ್ಯಾಗ ಸ್ವಲ್ಪ ಫ್ರೇಮ್ ಕಡಿಮಿ ಬರ್ತಾವ. ಹಂಗಂತ ಈಗ 8, 8 ಜೋಡಿ ಹಚ್ಚಿ, ಮುಂದ ಮತ್ತೆರಡು ಹಚ್ಚಿ ನಾಕು ಮಾಡಿದ್ರ, ಡಿಡಿಆರ್5ರಾಗ ನಾಕು ಪಟ್ಟಿ ಕೂಡಿ ಓಡೋವಾಗ ವೇಗ ಇಳಿಸಬೇಕಾಗ್ತದ. ಎರಡ ಜಗಾ ಇರೋ ಬೋರ್ಡ್ ಇದ್ರಂತೂ 8 ಎರಡೂ ತಗದ ಒಗೀಬೇಕು. ಮಗಾನ ಹೇಳಿದ: "ಅವ್ವಾ, 16ರದು ಒಂದ ಪಟ್ಟಿ ಹಾಕಸೋಣು. ಒಂದು ಜಗಾ ಖಾಲಿ ಇರ್ಲಿ. ಫ್ರೇಮ್ ಕಡಿಮಿ ಬಂದ್ರ ನಾ ತಡಕೋತೀನಿ. ಬೆಲಿ ಇಳದ ಮ್ಯಾಲೆ ಅಂಥಾದ್ದ ಇನ್ನೊಂದು ನಾನ ತರ್ತೀನಿ." ಉಳದ ರೊಕ್ಕ ಗ್ರಾಫಿಕ್ಸ್ ಕಾರ್ಡಿಗೆ ಹೋತು, 8ರ ಬದ್ಲಿ 12 ಜಿಬಿದು ಬಂತು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಮುಂದ ಏರಿಸ್ಲಿಕ್ಕೆ ಬರಂಗಿಲ್ಲ, ರ‍್ಯಾಮ್ ಏರಿಸ್ಲಿಕ್ಕೆ ಬರ್ತದ. ಹಂಗಾಗಿ ರೊಕ್ಕ ಎಲ್ಲಿ ಹಾಕಬೇಕು ಅನ್ನೋದು ಅಲ್ಲೇ ಇತ್ಯರ್ಥ ಆತು. ಮಗಳ ಫೀ ರೊಕ್ಕಕ್ಕ ಯಾರೂ ಕೈ ಹಚ್ಚಲಿಲ್ಲ.

ನಿಮ್ಮ ಮನ್ಯಾಗೂ ಈ ಜಗಳಾ ನಡದಿದ್ರ ಅಂಗಡ್ಯಾಗ ಮೂರು ಮಾತು ಕೇಳ್ರಿ. ಬೋರ್ಡಿನ್ಯಾಗ ರ‍್ಯಾಮಿನ ಜಗಾ ಎಷ್ಟವ? ಅದರಾಗ ಎಷ್ಟು ತುಂಬಿಸಿ ಕೊಡ್ತೀರಿ? ಡಿಡಿಆರ್4 ಏನು ಡಿಡಿಆರ್5? ಒಂದರ ಪಟ್ಟಿ ಇನ್ನೊಂದರಾಗ ಕೂಡಂಗಿಲ್ಲ, ಖಾಚಾನ ಬ್ಯಾರೆ ಕಡೆ ಇರ್ತದ. ಲ್ಯಾಪ್‌ಟಾಪ್ ತೊಗೊಳ್ಳೋದಿದ್ರ ಮಾತ್ರ ನನ್ನ ಈ ಲೆಕ್ಕ ಉಲ್ಟಾ ಮಾಡ್ರಿ. ಈಗಿನ ಭಾಳಷ್ಟು ಲ್ಯಾಪ್‌ಟಾಪಿನ್ಯಾಗ ರ‍್ಯಾಮ್ ಬೋರ್ಡಿಗೇ ಬೆಸೆದಿರ್ತದ, ಮುಂದ ಏರಿಸೋ ಮಾತಿಲ್ಲ. ಅದರಾಗ ನಾಕು ವರ್ಷದ ಗರಜು ನೋಡಿ ಮೊದಲ ಹಾಕಸಬೇಕು, ತುಟ್ಟಿ ಆದ್ರೂ. ಮತ್ತ ಬಿಲ್ಲಿನ್ಯಾಗ ಬರೇ "16 ಜಿಬಿ" ಅಂತ ಬರಸ್ಕೊಂಡು ಬರಬ್ಯಾಡ್ರಿ. ಎಷ್ಟರದು ಎಷ್ಟು ಪಟ್ಟಿ, ಯಾವ ಕಂಪನಿದು, ಯಾವ ವೇಗದ್ದು ಅಂತ ಪೂರಾ ಬರಸ್ರಿ. ಮುಂದ ಬೆಲಿ ಇಳದಾಗ ಅದರ ಜೋಡಿ ಹುಡುಕಲಿಕ್ಕೆ ಆ ಚೀಟಿನ ಬೇಕಾಗ್ತದ.